ಅಪ್ಪ, ಮಗಳ ಜೊತೆ ಲಾಲಾಜಿ ಬೇಗೆ ಹೋಗಬಹುದಾ? (ಅಂಡಮಾನ್, ಲಾಂಗ್ ಐಲ್ಯಾಂಡ್)

ತೀರ್ಥಳ್ಳಿ_ಟು_ಯಲಹಂಕ · ಡಿಸೆಂಬರ್ 4, ರಾತ್ರಿ 9:52

ಎಲ್ಲರಿಗೂ ನಮಸ್ಕಾರ. ಜನವರಿ ಕೊನೆ ವಾರ ಅಂಡಮಾನ್‌ಗೆ ಹೊರಟಿದ್ದೇವೆ. ನಾನು, ಹೆಂಡತಿ, ಎಂಟು ವರ್ಷದ ಮಗಳು, ಜೊತೆಗೆ ಅಪ್ಪ. ಅಪ್ಪನಿಗೆ 66. ತೋಟ ಸುತ್ತಿ ಅಭ್ಯಾಸ, ನಡಿಗೆಯಲ್ಲಿ ನನಗಿಂತ ಗಟ್ಟಿ. ಸಮುದ್ರ ಅಂದ್ರೆ ಮಾತ್ರ ಅಷ್ಟಕ್ಕಷ್ಟೆ. ಒಟ್ಟು ಏಳು ರಾತ್ರಿ. ವಿಮಾನದ ಟಿಕೆಟ್ ಆಗಿದೆ, ಬೇರೇನೂ ಆಗಿಲ್ಲ.

ಕೇಳಿದವರೆಲ್ಲ ಹೇಳುವುದು ಒಂದೇ ದಾರಿ. ಪೋರ್ಟ್ ಬ್ಲೇರ್, ಹ್ಯಾವ್ಲಾಕ್ ದ್ವೀಪ, ನೀಲ್ ದ್ವೀಪ, ವಾಪಸ್. ನನ್ನ ಹೆಂಡತಿಗೆ ಅದು ಬೇಡ. ಆಫೀಸಲ್ಲಿ ಯಾರೋ ಲಾಂಗ್ ಐಲ್ಯಾಂಡ್‌ನ ಲಾಲಾಜಿ ಬೇ ಅನ್ನೋ ಬೀಚಿನ ಫೋಟೋ ತೋರಿಸಿದ್ದಾರೆ. ಅಂಗಡಿ ಇಲ್ಲ, ಬಾಡಿಗೆ ಕುರ್ಚಿ ಇಲ್ಲ, ಜೆಟ್ ಸ್ಕೀ ಇಲ್ಲ, ಜನವೇ ಇಲ್ಲ. ಅವತ್ತಿಂದ ಮನೆಯಲ್ಲಿ ಅದೇ ಜಪ. ಟ್ರಾವೆಲ್ ಏಜೆಂಟ್‌ಗೆ ಫೋನ್ ಮಾಡಿದೆ. "ಅಲ್ಲೇನೂ ಇಲ್ಲ ಸರ್" ಅಂದ. ಏನೂ ಇಲ್ಲ ಅಂತಲೇ ಅಲ್ವಾ ಹೋಗ್ತಿರೋದು ಅಂದೆ. ನಕ್ಕು ಹ್ಯಾವ್ಲಾಕ್ ಪ್ಯಾಕೇಜ್ ಕಳಿಸಿದ.

ಯಾರಾದ್ರೂ ಹೋಗಿದ್ದೀರಾ? ದೊಡ್ಡವರು, ಮಕ್ಕಳನ್ನು ಕರ್ಕೊಂಡು ಹೋಗುವಂಥ ಜಾಗವಾ? ಒಂದೇ ದಿನದಲ್ಲಿ ಹೋಗಿ ಬರಬಹುದಾ?

ಬೆಂದಕಾಳು · ರಾತ್ರಿ 10:05

ಏಜೆಂಟ್ ಹೇಳಿದ್ದು ಸರಿನೇ. ನಾವು ಹೋದಾಗ ಬೀಚಲ್ಲಿ ಬಳಸುವಂಥ ಶೌಚಾಲಯವೂ ಇರಲಿಲ್ಲ. ಮೇಡಂಗೆ ಫೋಟೋ ಜೊತೆ ಇದನ್ನೂ ತೋರಿಸಿ.

ಕಡಲಕಾಗೆ · ರಾತ್ರಿ 10:11

ಸೆಂಟಿನೆಲ್ ಹತ್ತಿರ ಅಲ್ವಾ ಅದು? ಬಾಣ ಬಿಡ್ತಾರಂತೆ!! ಮಗು ಬೇರೆ ಇದೆ.

ಹಳೇ_ನಾವಿಕ · ರಾತ್ರಿ 10:40

ಕಡಲಕಾಗೆ, ಸ್ವಲ್ಪ ಮ್ಯಾಪ್ ನೋಡಿ ಮಾರಾಯ್ರೆ. ಹೊರಗಿನವರನ್ನು ಸೇರಿಸದ ಆದಿವಾಸಿಗಳ ನಾರ್ತ್ ಸೆಂಟಿನೆಲ್ ದ್ವೀಪ ಇರುವುದು ದಕ್ಷಿಣ ಅಂಡಮಾನಿನ ಪಶ್ಚಿಮಕ್ಕೆ. ಲಾಂಗ್ ಐಲ್ಯಾಂಡ್ ಇರುವುದು ಮಧ್ಯ ಅಂಡಮಾನಿನ ಪೂರ್ವಕ್ಕೆ. ನಡುವೆ ದ್ವೀಪಕ್ಕೆ ದ್ವೀಪವೇ ಇದೆ. ಸೆಂಟಿನೆಲ್ ಸುತ್ತ ಐದು ನಾಟಿಕಲ್ ಮೈಲಿಯೊಳಗೆ ಯಾರೂ ಹೋಗುವ ಹಾಗೇ ಇಲ್ಲ. ತಪ್ಪಿ ಹೋಗ್ತೀವಿ ಅನ್ನೋ ಭಯ ಬೇಡ.

ಇನ್ನು ಪ್ರಶ್ನೆ ಕೇಳಿದವರಿಗೆ. ನಾನು ಪೋರ್ಟ್ ಬ್ಲೇರ್‌ನಲ್ಲಿ ನಾಲ್ಕು ವರ್ಷ ಕೆಲಸದಲ್ಲಿದ್ದೆ. ಲಾಂಗ್ ಐಲ್ಯಾಂಡ್‌ಗೆ ಮೂರು ಸಲ ಹೋಗಿದ್ದೇನೆ. ದಾರಿ ಎರಡು.

ಒಂದು, ಪೋರ್ಟ್ ಬ್ಲೇರ್‌ನ ಫೀನಿಕ್ಸ್ ಬೇ ಜೆಟ್ಟಿಯಿಂದ ಸರ್ಕಾರಿ ಬೋಟ್. ದಿನಾ ಇರಲ್ಲ. ಐದಾರು ಗಂಟೆ ಹಿಡಿಯುತ್ತೆ.

ಇನ್ನೊಂದು ರಸ್ತೆ. ಬೆಳಗಿನ ಜಾವ ನಾಲ್ಕಕ್ಕೆ ಹೊರಟು ಜಿರ್ಕಟಾಂಗ್ ಚೆಕ್‌ಪೋಸ್ಟಲ್ಲಿ ಸಾಲು ನಿಲ್ಲಬೇಕು. ಅಲ್ಲಿಂದ ಮುಂದೆ ಜರಾವಾ ಆದಿವಾಸಿಗಳ ಕಾಡು. ವಾಹನಗಳನ್ನು ಗುಂಪಾಗಿ, ಪೊಲೀಸರ ಜೊತೆ ಬಿಡುತ್ತಾರೆ. ನಿಲ್ಲಿಸುವ ಹಾಗಿಲ್ಲ, ಫೋಟೋ ಹೊಡೆಯುವ ಹಾಗಿಲ್ಲ, ಬಿಸ್ಕೆಟ್ ಕೊಡೋದಂತೂ ಇಲ್ಲವೇ ಇಲ್ಲ. ಫೋಟೋ ಹೊಡೆದರೆ ಜೈಲೇ. ಮುಂದೆ ಮಿಡಲ್ ಸ್ಟ್ರೈಟ್‌ನಲ್ಲಿ ಬಸ್ಸನ್ನೇ ಬಾರ್ಜ್ (ಚಪ್ಪಟೆ ದೊಡ್ಡ ದೋಣಿ) ಮೇಲೆ ಹತ್ತಿಸಿ ಬಾರಾಟಾಂಗ್ ದ್ವೀಪದ ಕಡೆ ದಾಟಿಸುತ್ತಾರೆ. ಹಂಫ್ರೆ ಜಲಸಂಧಿಗೆ ಈಗ ಸೇತುವೆ ಆಗಿದೆ. ಮೊದಲು ಎರಡು ಸಲ ಬಾರ್ಜ್ ಹತ್ತಬೇಕಿತ್ತು. ಹಾಗೆ ರಂಗತ್ ಪಟ್ಟಣ, ಸುಮಾರು 170 ಕಿ.ಮೀ. ರಂಗತ್ ಪಕ್ಕ ಎರಾಟಾ ಜೆಟ್ಟಿ. ಅಲ್ಲಿಂದ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಬೋಟ್ ಹೊರಟರೆ ಒಂದು ಗಂಟೆಯಲ್ಲಿ ಲಾಂಗ್ ಐಲ್ಯಾಂಡ್.

ಅದು ಊರು ಮಾತ್ರ. ಲಾಲಾಜಿ ಬೇ ಇನ್ನೂ ದೂರ. ಕಾಡಲ್ಲಿ ಒಂದೂವರೆಯಿಂದ ಎರಡು ಗಂಟೆ ನಡೀಬೇಕು, ಇಲ್ಲಾಂದ್ರೆ ಡುಂಗಿ ಮಾಡಿಕೊಂಡು ಹೋಗಬೇಕು. ಡುಂಗಿ ಅಂದ್ರೆ ಅಲ್ಲಿನ ಸಣ್ಣ ಮೋಟಾರ್ ದೋಣಿ. ಹೋಗುವ ಮುಂಚೆ ಊರಲ್ಲಿರುವ ಅರಣ್ಯ ಇಲಾಖೆಯವರಿಗೆ ಹೇಳಿ ಹೋಗಿ.

ಒಂದೇ ದಿನದಲ್ಲಿ ಆಗಲ್ಲ. ಕನಿಷ್ಠ ಎರಡು ರಾತ್ರಿ ಲಾಂಗ್ ಐಲ್ಯಾಂಡಲ್ಲಿ ಇರಿ, ಮೂರನೆಯದನ್ನು ಗಾಳಿಗೆ ಬಿಟ್ಟಿಡಿ.

ಅಕ್ಕಿರೊಟ್ಟಿ · ರಾತ್ರಿ 10:48

"ಮೂರನೆಯದನ್ನು ಗಾಳಿಗೆ ಬಿಟ್ಟಿಡಿ" 👌 ಅಂದ್ರೆ ಏನು ಸರ್, ಬೋಟ್ ರದ್ದಾಗುತ್ತಾ?

ಹಳೇ_ನಾವಿಕ · ರಾತ್ರಿ 10:55

ಆಗುತ್ತೆ ಮೇಡಂ. ಗಾಳಿ ಎದ್ದರೆ ಜೆಟ್ಟಿಯಲ್ಲಿ ಒಂದು ಚೀಟಿ ಅಂಟಿಸುತ್ತಾರೆ. ಮುಗೀತು. ಅದರ ಮುಂದೆ ನಿಂತು ಬೆಂಗಳೂರು ಫ್ಲೈಟ್ ಇದೆ ಅಂತ ಕಿರುಚಿದರೂ ಸಮುದ್ರಕ್ಕೆ ಕೇಳಿಸಲ್ಲ. 2016ರ ಡಿಸೆಂಬರಲ್ಲಿ ಹ್ಯಾವ್ಲಾಕ್, ನೀಲ್‌ನಲ್ಲೇ ನೂರಾರು ಪ್ರವಾಸಿಗರು ಸಿಕ್ಕಿಹಾಕಿಕೊಂಡಿದ್ದರು. ಕೊನೆಗೆ ನೌಕಾಪಡೆ ಹಡಗು ಕಳಿಸಬೇಕಾಯ್ತು. ದೊಡ್ಡ ದ್ವೀಪಗಳ ಕಥೆಯೇ ಹಾಗೆ. ಜನವರಿಯಿಂದ ಏಪ್ರಿಲ್ ಎಷ್ಟೋ ಮೇಲು. ಮೇ ಮಧ್ಯದಿಂದ ಮುಂಗಾರು ಶುರು, ಅಲ್ಲಿಗೆ ಕೇರಳಕ್ಕಿಂತ ಮೊದಲೇ ಬರುತ್ತೆ.

ಹೊನ್ನಾವರದ_ಹುಡ್ಗ · ಡಿಸೆಂಬರ್ 5, ಬೆಳಿಗ್ಗೆ 7:20

ಖಾಲಿ ಬೀಚ್ ನೋಡೋಕೆ ಅಂಡಮಾನ್ ತನಕ ಯಾಕೆ? ಉತ್ತರ ಕನ್ನಡಕ್ಕೆ ಬನ್ನಿ. ನಮ್ಮ ಕಾಸರಕೋಡಿಗೂ ಹ್ಯಾವ್ಲಾಕ್‌ನ ರಾಧಾನಗರಕ್ಕೂ ಸ್ವಚ್ಛ ಬೀಚಿಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆ ಒಂದೇ ಸಲ ಬಂತು, 2020ರಲ್ಲಿ. ಪಡುಬಿದ್ರಿಗೂ ಬಂತು. ಬಸ್ ಚಾರ್ಜಲ್ಲಿ ಮುಗಿಯುತ್ತೆ.

ಬೆಂದಕಾಳು · ಬೆಳಿಗ್ಗೆ 8:02

ಬ್ಲೂ ಫ್ಲ್ಯಾಗ್ ಅಂದ್ರೆ ಶೌಚಾಲಯ, ಶವರ್, ಲೈಫ್‌ಗಾರ್ಡ್, ಕಸದ ಬುಟ್ಟಿ ಎಲ್ಲಾ ಇರಬೇಕು ಗುರು. ಇವರು ಹುಡುಕ್ತಿರೋದು ಅದರ ಉಲ್ಟಾ.

ಹೊನ್ನಾವರದ_ಹುಡ್ಗ · ಬೆಳಿಗ್ಗೆ 8:06

ಅದೂ ಹೌದು 😄

ಮಲ್ನಾಡ್_ಮಳೆ · ಬೆಳಿಗ್ಗೆ 9:15

ನಾನು ಒಂದು ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಇಂಥ ಜಾಗಗಳ ಬಗ್ಗೆ ಹೀಗೆ ಎಲ್ಲರಿಗೂ ಕಾಣುವ ಹಾಗೆ ದಾರಿ ಬರೆಯೋದೇ ತಪ್ಪು. ಗೋಕರ್ಣದ ಓಂ ಬೀಚಿಗೆ ನಾನು ಮೊದಲ ಸಲ ಹೋದಾಗ ಗುಡ್ಡ ಇಳಿದು ನಡ್ಕೊಂಡೇ ಹೋಗಿದ್ದು. ಎರಡು ಗುಡಿಸಲು, ಒಂದು ಚಹಾ. ಈಗ ಕಾರ್ ಪಾರ್ಕಿಂಗ್‌ಗೆ ಜಗಳ. ನಾವೇ ಹಾಳು ಮಾಡಿದ್ದು, ಹೇಳಿ ಹೇಳಿ.

ಸೋಮಾರಿ_ಸಂಚಾರಿ · ಬೆಳಿಗ್ಗೆ 9:31

ನೀವು ನೋಡಿ ಬಂದ ಮೇಲೆ ಬಾಗಿಲು ಹಾಕ್ತೀರಾ? ಚೆನ್ನಾಗಿದೆ ನ್ಯಾಯ.

ಮಲ್ನಾಡ್_ಮಳೆ · ಬೆಳಿಗ್ಗೆ 9:40

ಬಾಗಿಲು ಹಾಕಿ ಅಂದಿಲ್ಲ. ಡಂಗುರ ಹೊಡೀಬೇಡಿ ಅಂದೆ. ಹುಡುಕಿಕೊಂಡು ಹೋಗೋರು ಹೋಗಲಿ.

ಹಳೇ_ನಾವಿಕ · ಬೆಳಿಗ್ಗೆ 10:20

ಇಬ್ಬರೂ ಸಮಾಧಾನ. ಲಾಲಾಜಿ ಬೇ ಗುಟ್ಟಾಗಿ ಉಳಿಯುವ ಕಾಲ ಹೋಯ್ತು. ನೀತಿ ಆಯೋಗ ದ್ವೀಪಗಳ ಅಭಿವೃದ್ಧಿಗೆ ಅಂತ ಮಾಡಿದ ಪಟ್ಟಿಯಲ್ಲಿ ಸ್ಮಿತ್, ರಾಸ್, ಏವಿಸ್ ಜೊತೆ ಲಾಂಗ್ ಐಲ್ಯಾಂಡ್ ಹೆಸರೂ ಇದೆ. ಅಲ್ಲಿ ರೆಸಾರ್ಟ್ ಮಾಡುವ ಯೋಜನೆ ಎಷ್ಟೋ ವರ್ಷದಿಂದ ಕಡತದಲ್ಲಿದೆ. ನಮ್ಮ ನಾಲ್ಕು ಸಾಲಿಂದ ಅದು ಬರೋದೂ ಇಲ್ಲ, ನಿಲ್ಲೋದೂ ಇಲ್ಲ.

ಇನ್ನೊಂದು ಮಾತು. "ಅಭಿವೃದ್ಧಿ ಆಗದ ದ್ವೀಪ" ಅಂತ ನಾವು ಸುಮ್ನೆ ಹೇಳ್ತೀವಿ. ಲಾಂಗ್ ಐಲ್ಯಾಂಡಲ್ಲಿ ಹಿಂದೆ ಪ್ಲೈವುಡ್ ಕಾರ್ಖಾನೆ ಇತ್ತು. ಮರ ಕಡಿಯುವ ಕೆಲಸ, ಸಂಬಳ, ತುಂಬಿದ ಊರು. ಕಾರ್ಖಾನೆ ಮುಚ್ಚಿತು, ಜನ ಖಾಲಿಯಾದರು. ನಾವು ಈಗ ಹೋಗಿ "ಆಹಾ ಎಷ್ಟು ಶಾಂತಿ" ಅಂತೀವಿ. ಅಲ್ಲಿನ ಒಬ್ಬ ಅಂಗಡಿಯವನು ನನಗೆ ಕೇಳಿದ್ದ, "ನಿಮಗೆ ಶಾಂತಿ ಸರ್, ನಮ್ಮ ಹುಡುಗರಿಗೆ ಕೆಲಸ?" ಉತ್ತರ ಇರಲಿಲ್ಲ ನನ್ನ ಹತ್ತಿರ.

ಅಕ್ಕಿರೊಟ್ಟಿ · ಬೆಳಿಗ್ಗೆ 10:34

ರೆಸಾರ್ಟ್ ಬಂದರೆ ಆ ಹುಡುಗರಿಗೆ ಸಿಗೋದು ಸೂಟ್‌ಕೇಸ್ ಹೊರುವ ಕೆಲಸ ಅಷ್ಟೆ. ಕೊಡಗಲ್ಲಿ ನೋಡ್ತಿದ್ದೀವಲ್ಲ.

ಸೋಮಾರಿ_ಸಂಚಾರಿ · ಬೆಳಿಗ್ಗೆ 10:41

ಸೂಟ್‌ಕೇಸ್ ಹೊರೋದು ಕೆಲಸವೇ ಅಲ್ವಾ? ಪ್ಲೈವುಡ್‌ಗೆ ಮರ ಹೊರೋದಕ್ಕಿಂತ ಹಗುರ.

ಕಡಲಕಾಗೆ · ಬೆಳಿಗ್ಗೆ 11:00

ಗ್ರೇಟ್ ನಿಕೋಬಾರ್ ದ್ವೀಪದ ಬಗ್ಗೆ ಯಾರೂ ಮಾತಾಡ್ತಿಲ್ಲ. ಗಲಾಥಿಯಾ ಬೇನಲ್ಲಿ ಬಂದರು ಮಾಡೋಕೆ 2022ರಲ್ಲಿ ಪರಿಸರ ಅನುಮತಿ ಕೊಟ್ಟಾಯ್ತು. ಸುಮಾರು 130 ಚದರ ಕಿ.ಮೀ. ಕಾಡು. ದೈತ್ಯ ಲೆದರ್‌ಬ್ಯಾಕ್ ಆಮೆ ಮೊಟ್ಟೆ ಇಡುವ ಜಾಗ ಅದು. ನೀವು ಒಂದು ರೆಸಾರ್ಟಿಗೆ ಜಗಳ ಆಡ್ತಾ ಇದ್ದೀರಿ.

ಹಳೇ_ನಾವಿಕ · ಬೆಳಿಗ್ಗೆ 11:12

ಈ ಸಲ ಮ್ಯಾಪ್ ಸರಿ ನೋಡಿದ್ದೀರಿ. ಆದರೆ ಅದಕ್ಕೆ ಬೇರೆ ಚರ್ಚೆ ಶುರು ಮಾಡಿ. ಈ ಯಜಮಾನರಿಗೆ ಬೇಕಿರುವುದು ಬೋಟ್ ಟೈಮು.

ತೀರ್ಥಳ್ಳಿ_ಟು_ಯಲಹಂಕ · ಮಧ್ಯಾಹ್ನ 1:15

ಹಳೇ ನಾವಿಕರೇ, ತುಂಬಾ ಉಪಕಾರ. ಅಪ್ಪನಿಗೆ ಓದಿ ಹೇಳಿದೆ. ಬಸ್ಸನ್ನೇ ದೋಣಿ ಮೇಲೆ ಹತ್ತಿಸ್ತಾರೆ ಅಂದಾಗ ಸಿಗಂದೂರು ಲಾಂಚ್ ಥರವಾ ಅಂದ್ರು. ಹೌದು ಅಂದೆ. "ಹಂಗಾದ್ರೆ ಬರ್ತೀನಿ" ಅಂದ್ರು. ಒಂದು ಕಂಟಕ ಕಳೀತು.

ಈಗ ಹೆಂಡತಿಯ ಪ್ರಶ್ನೆ. ಮೊಸಳೆ ನಿಜನಾ?

ಬೆಂದಕಾಳು · ಮಧ್ಯಾಹ್ನ 1:22

ನಿಜ.

ದಾಸವಾಳ · ಮಧ್ಯಾಹ್ನ 1:50

ಹೆದರಿಸಬೇಡಿ, ವಿವರ ಹೇಳಿ. ಅಲ್ಲಿರುವುದು ಉಪ್ಪುನೀರಿನ ಮೊಸಳೆ. ಹೆಚ್ಚಾಗಿ ಕಾಂಡ್ಲಾ ಕಾಡು, ನಾಲಾಗಳಲ್ಲಿ (ಸಮುದ್ರಕ್ಕೆ ಸೇರುವ ತೊರೆ) ಇರುತ್ತೆ, ಆದರೆ ಸಮುದ್ರದಲ್ಲೂ ಈಜುತ್ತೆ. 2010ರಲ್ಲಿ ಹ್ಯಾವ್ಲಾಕ್‌ನ ನೀಲ್ಸ್ ಕೋವ್‌ನಲ್ಲಿ ಅಮೆರಿಕದ ಪ್ರವಾಸಿಯೊಬ್ಬರು ಸತ್ತರು. ಅದು ರಾಧಾನಗರದ ಪಕ್ಕದಲ್ಲೇ, ಅಷ್ಟು ಜನ ಬರುವ ಜಾಗದಲ್ಲಿ. ಹಾಗಾಗಿ ನಾಲಾ ಸಮುದ್ರಕ್ಕೆ ಸೇರುವ ಕಡೆ ನೀರಿಗೆ ಇಳೀಬೇಡಿ. ಬೆಳಗಿನ ಜಾವ, ಮುಸ್ಸಂಜೆ ಇಳೀಬೇಡಿ. ಡುಂಗಿಯವನು ಬೇಡ ಅಂದ ಕಡೆ ಇಳೀಲೇಬೇಡಿ. ಅವನಿಗೆ ಯಾವ ನಾಲಾದಲ್ಲಿ ಯಾವಾಗ ಕಂಡಿತು ಅಂತ ಗೊತ್ತಿರುತ್ತೆ.

ನಿಜವಾಗಿ ಕಾಡೋದು ಮೊಸಳೆ ಅಲ್ಲ. ಸ್ಯಾಂಡ್‌ಫ್ಲೈ. ಕಣ್ಣಿಗೆ ಕಾಣದಷ್ಟು ಸಣ್ಣ ನೊಣ. ಕಚ್ಚಿದಾಗ ಗೊತ್ತಾಗಲ್ಲ. ರಾತ್ರಿ ಶುರುವಾಗುತ್ತೆ ನೋಡಿ ತುರಿಕೆ, ಒಂದು ವಾರ. ಖಾಲಿ ಬೀಚಲ್ಲಿ ಬೇರೆ ಯಾರೂ ಇರಲ್ಲವಲ್ಲ, ಎಲ್ಲವೂ ನಿಮಗೇ ಕಚ್ಚುತ್ತವೆ.

ಹೊನ್ನಾವರದ_ಹುಡ್ಗ · ಮಧ್ಯಾಹ್ನ 2:05

ಕೊಬ್ಬರಿ ಎಣ್ಣೆ ದಪ್ಪಗೆ ಹಚ್ಚಿ. ನೊಣ ಎಣ್ಣೆಗೆ ಅಂಟಿಕೊಳ್ಳುತ್ತೆ, ಚರ್ಮ ಮುಟ್ಟಲ್ಲ.

ದಾಸವಾಳ · ಮಧ್ಯಾಹ್ನ 2:09

ಹಚ್ಚಿದ್ದೆ. ಎಣ್ಣೆ ಮೇಲೆ ಮರಳು ಅಂಟಿ ಕೋಡುಬಳೆ ಥರ ಆಗಿದ್ದೆ. ಆದರೂ ಕಚ್ಚಿತು. ಉದ್ದ ತೋಳಿನ ಬಟ್ಟೆ, ಪೈಜಾಮ, ಮರಳ ಮೇಲೆ ಬರೀ ಮೈಯಲ್ಲಿ ಮಲಗದೇ ಇರೋದು. ಇಷ್ಟೇ ದಾರಿ.

ಕುಂದಾಪ್ರ_ಮೀನು · ಸಂಜೆ 4:30

ಯಾರೂ ಭರತ ಇಳಿತದ ಮಾತೇ ಎತ್ತಲಿಲ್ಲವಲ್ಲ. ಅದೇ ಮುಖ್ಯ. ಅಂಡಮಾನಲ್ಲಿ ನೀರು ನಮ್ಮ ಕಡೆಗಿಂತ ಜಾಸ್ತಿ ಏರಿಳಿಯುತ್ತೆ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಇನ್ನೂ ಜಾಸ್ತಿ. ಇಳಿತದಲ್ಲಿ ದೋಣಿ ದಡಕ್ಕೆ ಬರಲ್ಲ. ಹವಳದ ಕಲ್ಲಿನ ಮೇಲೆ ನಡೆದು ಬರಬೇಕು. ಬರಿಗಾಲಲ್ಲಿ ನಡೆದರೆ ಕಾಲೂ ಹೋಗುತ್ತೆ, ಹವಳವೂ ಹೋಗುತ್ತೆ. ಹೋಗುವ ದಿನದ ಭರತದ ಹೊತ್ತು ನೋಡಿ, ಅದಕ್ಕೆ ಸರಿಯಾಗಿ ಹೊರಡಿ. ಅಪ್ಪನವರಿಗೆ ಹಿಂದೆ ಪಟ್ಟಿ ಇರುವ ರಬ್ಬರ್ ಚಪ್ಪಲಿ ತಗೊಳ್ಳಿ. ಹವಾಯಿ ಬೇಡ, ಅದು ತೇಲಿಕೊಂಡು ಥಾಯ್ಲೆಂಡಿಗೆ ಹೋಗುತ್ತೆ.

ಕಡಲಕಾಗೆ · ಸಂಜೆ 4:44

ಉಲ್ಟಾ ಸರ್. ಥಾಯ್ಲೆಂಡ್ ಚಪ್ಪಲಿ ಅಲ್ಲಿಗೆ ಬರುತ್ತೆ. ನಿಜವಾಗಿ. ಅಂಡಮಾನ್ ಬೀಚುಗಳಲ್ಲಿ ಥಾಯ್ಲೆಂಡ್, ಮಲೇಷ್ಯಾ, ಇಂಡೋನೇಷ್ಯಾ, ಮ್ಯಾನ್ಮಾರ್ ಬಾಟಲಿಗಳು ಬಂದು ಬೀಳುತ್ತವೆ. "ಯಾರೂ ಮುಟ್ಟದ ಬೀಚ್" ಅಂತ ನಂಬ್ಕೊಂಡು ಹೋಗಬೇಡಿ. ಗುಡಿಸುವವರು ಇಲ್ಲದ ಬೀಚ್ ಅದು.

ಸೋಮಾರಿ_ಸಂಚಾರಿ · ಸಂಜೆ 5:10

ನಾನು ಒಮ್ಮೆ ಉತ್ತರ ಅಂಡಮಾನಿನ ಡಿಗ್ಲಿಪುರದ ಕಡೆ ಒಂದು ಬೀಚಲ್ಲಿ ಬಾಟಲಿ ನೋಡಿದೆ. ದೂರದಿಂದ ಕನ್ನಡ ಅಕ್ಷರ! ಥೂ, ನಮ್ಮೋರೇ ಯಾರೋ ಎಸೆದಿದ್ದಾರೆ ಅಂತ ನಾಚಿಕೆ ಆಯ್ತು. ಹತ್ತಿರ ಹೋಗಿ ನೋಡಿದರೆ ಬರ್ಮಾದ್ದು. ಗುಂಡು ಗುಂಡಗೆ, ಎಲ್ಲ ನಮ್ಮ 'ಠ', 'ರ' ಥರನೇ.

ಅಕ್ಕಿರೊಟ್ಟಿ · ಸಂಜೆ 5:18

ಅಯ್ಯೋ ನನಗೂ ಹಾಗೇ ಆಗಿತ್ತು, ಆದರೆ ಬೆಂಗಳೂರಿನ ಬರ್ಮಾ ಹೋಟೆಲ್‌ ಬೋರ್ಡಲ್ಲಿ 😂

ಮಲ್ನಾಡ್_ಮಳೆ · ಸಂಜೆ 6:00

ಆಶ್ಚರ್ಯ ಏನಿಲ್ಲ. ಬರ್ಮೀ ಲಿಪಿಯ ಮೂಲ ನಮ್ಮ ಕದಂಬ ಲಿಪಿ.

ದಾಸವಾಳ · ಸಂಜೆ 6:07

ಪಲ್ಲವ ಅಂತಲೂ ಹೇಳ್ತಾರೆ. ದಕ್ಷಿಣ ಭಾರತದಿಂದ ಹೋದದ್ದು ಖಚಿತ, ಕದಂಬವೋ ಪಲ್ಲವವೋ ಅನ್ನುವುದು ವಿದ್ವಾಂಸರ ಜಗಳ. ಗುಂಡಗಾಗಿದ್ದು ತಾಳೆಗರಿ ಮೇಲೆ ಗೀಚುವುದಕ್ಕೆ ಅಂತಾರೆ. ನೇರ ಗೆರೆ ಎಳೆದರೆ ಗರಿ ಸೀಳುತ್ತೆ.

ಮಲ್ನಾಡ್_ಮಳೆ · ಸಂಜೆ 6:09

ಪಲ್ಲವ ಅನ್ನೋರು ಯಾರು ಅಂತ ಗೊತ್ತಿದೆ ಬಿಡಿ.

ಬೆಂದಕಾಳು · ಸಂಜೆ 6:15

ಬೋಟ್ ಟೈಮ್ ಕೇಳಿದವರು ಕದಂಬರ ಮಯೂರಶರ್ಮನ ಹತ್ತಿರ ಬಂದು ನಿಂತಿದ್ದಾರೆ.

ಹಳೇ_ನಾವಿಕ · ರಾತ್ರಿ 8:30

ಇನ್ನು ಮೂರು ಮಾತು, ಆಮೇಲೆ ಸುಮ್ಮನಾಗ್ತೀನಿ.

ಸೂರ್ಯ. ಅಂಡಮಾನ್ ಎಷ್ಟೋ ಪೂರ್ವಕ್ಕಿದೆ, ಗಡಿಯಾರ ಮಾತ್ರ ನಮ್ಮದೇ. ಜನವರಿಯಲ್ಲಿ ಸಂಜೆ ಐದೂಕಾಲಿಗೆ ಸೂರ್ಯ ಮುಳುಗುತ್ತೆ, ಆಮೇಲೆ ಕತ್ತಲಾಗೋಕೆ ಹೆಚ್ಚು ಹೊತ್ತಿಲ್ಲ. ಬೆಂಗಳೂರಿನ ಲೆಕ್ಕದಲ್ಲಿ "ನಾಲ್ಕಕ್ಕೆ ಹೋಗಿ ಆರಕ್ಕೆ ಬರೋಣ" ಅಂದ್ರೆ ಕೆಟ್ಟಿರಿ. ಬೆಳಿಗ್ಗೆ ಹೋಗಿ, ಮಧ್ಯಾಹ್ನ ಎರಡು ಗಂಟೆಗೆ ಹೊರಟುಬಿಡಿ.

ದುಡ್ಡು. ರಂಗತ್‌ನಲ್ಲೇ ನಗದು ತೆಗೆದಿಟ್ಕೊಳ್ಳಿ. 2020ರಲ್ಲಿ ಚೆನ್ನೈಯಿಂದ ಸಮುದ್ರದಡಿ ಕೇಬಲ್ ಬಂತು, ಲಾಂಗ್ ಐಲ್ಯಾಂಡ್‌ಗೂ ಎಳೆದಿದ್ದಾರೆ. ಹಾಗಂತ ಡುಂಗಿಯವನಿಗೆ ಫೋನಲ್ಲಿ ದುಡ್ಡು ಕಳಿಸ್ತೀನಿ ಅಂತ ನಂಬ್ಕೊಂಡು ಕೂರಬೇಡಿ.

ಚಿಪ್ಪು, ಹವಳ. ಒಂದು ಚೂರೂ ತರಬೇಡಿ. ಏರ್‌ಪೋರ್ಟಲ್ಲಿ ಬ್ಯಾಗ್ ನೋಡ್ತಾರೆ. ವನ್ಯಜೀವಿ ಕಾಯ್ದೆ ಕೆಳಗೆ ಕೇಸ್ ಆಗುತ್ತೆ. ಮಗಳಿಗೆ ಈಗಲೇ ಹೇಳಿಡಿ.

ಸೋಮಾರಿ_ಸಂಚಾರಿ · ರಾತ್ರಿ 8:47

ಹೋಗೋಕೆ ಆಗಲಿಲ್ಲ ಅಂದ್ರೆ ರಂಗತ್‌ನಲ್ಲೇ ಉಳಿದು ಧನಿ ನಾಲಾ ನೋಡಿ. ಕಾಂಡ್ಲಾ ಕಾಡಿನೊಳಗೆ ಮರದ ಕಾಲುದಾರಿ, ಕೊನೆಗೆ ಕತ್‌ಬರ್ಟ್ ಬೇ ಬೀಚ್. ಆಮೆ ಮೊಟ್ಟೆ ಇಡುವ ಜಾಗ. ಅಲ್ಲೂ ಜನ ಕಮ್ಮಿ.

ತೀರ್ಥಳ್ಳಿ_ಟು_ಯಲಹಂಕ · ರಾತ್ರಿ 9:30

ನೀಲ್ ಕೈಬಿಟ್ಟೆವು. ಹ್ಯಾವ್ಲಾಕ್ ಎರಡು ರಾತ್ರಿ, ಲಾಂಗ್ ಐಲ್ಯಾಂಡ್ ಎರಡು, ಗಾಳಿಗೆ ಒಂದು. ಹೋಗಿ ಬಂದು ಬರೀತೀನಿ.

ಬೆಂದಕಾಳು · ರಾತ್ರಿ 9:33

ಹೋಗಿ ಬಂದು ಬರೀತೀನಿ ಅಂದವರು ಯಾರೂ ಬರೆದಿಲ್ಲ.

ತೀರ್ಥಳ್ಳಿ_ಟು_ಯಲಹಂಕ · ಫೆಬ್ರವರಿ 8, ರಾತ್ರಿ 10:20

ಬೆಂದಕಾಳು ಅವರಿಗೋಸ್ಕರ ಬರೀತಿದ್ದೀನಿ 😀

ಬೆಳಿಗ್ಗೆ ಮೂರೂವರೆಗೆ ಎದ್ದು ಹೊರಟೆವು. ಜಿರ್ಕಟಾಂಗ್‌ನಲ್ಲಿ ಗಾಡಿಗಳ ಸಾಲು, ಚಹಾ, ವಡೆ. ಕಾಡಿನ ದಾರಿಯಲ್ಲಿ ಒಂದು ಕಡೆ ಜರಾವಾ ಹುಡುಗರು ರಸ್ತೆ ಬದಿ ನಿಂತಿದ್ದರು. ಮುಂದಿನ ಸೀಟಿನವನು ಮೊಬೈಲ್ ಎತ್ತಿದ. ಕಂಡಕ್ಟರ್ ಅವನ ಕೈ ಹಿಡಿದು ಕೆಳಗೆ ಇಳಿಸಿದ, ಒಂದು ಮಾತಾಡಲಿಲ್ಲ. ಮಗಳು "ಅವರು ನಮ್ಮ ಫೋಟೋ ತೆಗೀಬಹುದಾ?" ಅಂತ ಕೇಳಿದಳು. ಬಸ್ಸಲ್ಲಿ ಯಾರೂ ಉತ್ತರ ಕೊಡಲಿಲ್ಲ.

ಬಾರ್ಜಲ್ಲಿ ಅಪ್ಪ ಪೂರ್ತಿ ಹೊತ್ತು ಬಸ್ಸಿನ ಚಕ್ರಕ್ಕೆ ಇಟ್ಟ ಕಟ್ಟಿಗೆ ತುಂಡನ್ನೇ ನೋಡ್ತಾ ನಿಂತಿದ್ದರು. ಎರಾಟಾದಿಂದ ಲಾಂಗ್ ಐಲ್ಯಾಂಡ್ ಬೋಟಲ್ಲಿ ಕಥೆ ಬದಲಾಯ್ತು. ಪಕ್ಕದಲ್ಲಿ ಕೂತವರು ರಂಗತ್ ಕಡೆಯ ಬಂಗಾಳಿ ಹಿರಿಯರು. ಅವರಿಗೂ ಅಡಿಕೆ ತೋಟ ಇದೆ! ಅಪ್ಪನಿಗೆ ಹಿಂದಿ ಬರಲ್ಲ. ಅವರಿಗೆ ಕನ್ನಡ ಬರಲ್ಲ. ಅಪ್ಪ ಸಂಚಿಯಿಂದ ಒಂದು ಹೋಳು ತೆಗೆದು ಕೊಟ್ಟರು. ಅವರು ಜೇಬಿಂದ ಒಂದು ತೆಗೆದು ಕೊಟ್ಟರು. ಇಬ್ಬರೂ ಕಚ್ಚಿ, ಬಾಯಲ್ಲಿ ತಿರುಗಿಸಿ, ತಲೆ ಅಲ್ಲಾಡಿಸಿದರು. ಒಂದು ಗಂಟೆ ಹೋಗಿದ್ದೇ ಗೊತ್ತಾಗಲಿಲ್ಲ. ಅಡಿಕೆಯ ಕೊಳೆ ರೋಗವನ್ನು ಅಭಿನಯ ಮಾಡಿ ತೋರಿಸುವುದು ಹೇಗೆ ಅಂತ ನಾನು ಅವತ್ತು ಕಲಿತೆ.

ಮರುದಿನ ಭರತ ನೋಡಿ ಹೊರಟೆವು (ಕುಂದಾಪ್ರದವರಿಗೆ ನಮಸ್ಕಾರ). ಡುಂಗಿಯವನು ದಡಕ್ಕೆ ಸ್ವಲ್ಪ ಮೊದಲೇ ಎಂಜಿನ್ ಬಂದ್ ಮಾಡಿದ. ಆಮೇಲಿನ ಒಂದು ನಿಮಿಷ ನನಗೆ ಮರೆಯಲ್ಲ. ದೋಣಿ ತನ್ನಷ್ಟಕ್ಕೆ ಜಾರ್ತಿದೆ, ಕೆಳಗೆ ನೀರಲ್ಲಿ ದೋಣಿಯ ನೆರಳು ಮರಳ ಮೇಲೆ ಜೊತೆಗೇ ಜಾರ್ತಿದೆ. ಅಪ್ಪ ಪಂಚೆ ಎತ್ತಿ ಕಟ್ಟಿ ಮೊಣಕಾಲು ನೀರಿಗೆ ಇಳಿದರು. ಕಾಲ ಕೆಳಗೆ ನೋಡಿ, "ಇದೇನೋ, ನೀರೇ ಇಲ್ವಲ್ಲ" ಅಂದ್ರು. ಅಷ್ಟು ತಿಳಿ.

ಬೀಚಲ್ಲಿ ನಾವು ಐದು ಜನ, ಡುಂಗಿಯವನೂ ಸೇರಿ. ಹೆಜ್ಜೆ ಗುರುತು ಒಂದೂ ಇಲ್ಲ. ಆದರೆ ಮರಳ ತುಂಬ ಸಣ್ಣ ಸಣ್ಣ ಗೀಟು, ಹೊಲಿಗೆ ಹಾಕಿದ ಹಾಗೆ. ಖಾಲಿ ಚಿಪ್ಪಿನೊಳಗೆ ಬದುಕುವ ಸನ್ಯಾಸಿ ಏಡಿಗಳು ಓಡಾಡಿದ ಜಾಡು. ಸಮುದ್ರ ಮಹುವಾ ಮರಗಳು ನೀರಿನ ಕಡೆ ಬಾಗಿವೆ, ಹಿಂದೆ ಕೇದಗೆ. ಕೇದಗೆ ನೋಡಿ ಅಪ್ಪನಿಗೆ ಊರು ನೆನಪಾಯ್ತು, ಹಾವಿದೆಯಾ ಅಂತ ಕೋಲಲ್ಲಿ ತಟ್ಟಿ ನೋಡಿದರು.

ಕಡಲಕಾಗೆ ಹೇಳಿದ್ದೂ ನಿಜ. ಅಲೆ ಬಂದು ನಿಲ್ಲುವ ಗೆರೆಯಲ್ಲಿ ಬಾಟಲಿ, ಬಲೆ ಚೂರು, ಒಂಟಿ ಚಪ್ಪಲಿ. ಬರ್ಮಾ ಬಾಟಲಿ ಒಂದು ಸಿಕ್ಕಿತು. ಮಗಳು ಅಕ್ಷರ ಕೂಡಿಸಿ ಓದೋಕೆ ನೋಡಿದಳು, ಎರಡನೇ ಅಕ್ಷರಕ್ಕೆ ಸೋತಳು. ಒಂದು ಏಡಿ ಚಿಪ್ಪಿನ ಬದಲು ಪೇಸ್ಟ್ ಟ್ಯೂಬಿನ ಮುಚ್ಚಳ ಹೊತ್ಕೊಂಡು ಹೋಗ್ತಿತ್ತು. ನೀಲಿ ಮುಚ್ಚಳ. ಅದನ್ನು ನೋಡಿ ನನ್ನ ಹೆಂಡತಿ ಫೋಟೋ ತೆಗೆಯೋದು ನಿಲ್ಲಿಸಿದಳು.

ಚಿಪ್ಪು ತರಬಾರದು ಅಂತ ಮಗಳಿಗೆ ಹೇಳಿದ್ದೆ. ಸುಮ್ನೆ ನೋಡೋಕೆ ಅಂತ ಟೋಪಿಯೊಳಗೆ ಹತ್ತು ಹನ್ನೆರಡು ಗುಡ್ಡೆ ಹಾಕ್ಕೊಂಡಿದ್ದಳು. ಸ್ವಲ್ಪ ಹೊತ್ತಿಗೆ ಟೋಪಿ ಖಾಲಿ. ಎಲ್ಲಾ ಎದ್ದು ನಡ್ಕೊಂಡು ಹೋಗಿದ್ದವು.

ಎರಡು ಗಂಟೆಗೆ ವಾಪಸ್ ಹೊರಟೆವು. ಮೂರು ಗಂಟೆ ಹೊತ್ತು ಇದ್ದೆವು ಅಷ್ಟೆ. ಮರುದಿನ ಜೆಟ್ಟಿಗೆ ಹೋದರೆ ಚೀಟಿ. ಗಾಳಿ, ಬೋಟ್ ಇಲ್ಲ. ಬಿಟ್ಟಿಟ್ಟ ಒಂದು ದಿನ ಅಲ್ಲಿಗೆ ಹೋಯ್ತು. ಊರಲ್ಲೇ ಸುತ್ತಿದೆವು. ಕಾರಿಲ್ಲದ ಊರು, ಮಗಳನ್ನು ಕೈ ಹಿಡೀದೆ ಬಿಟ್ಟೆವು, ಬೆಂಗಳೂರಲ್ಲಿ ಅದಾಗಲ್ಲ. ಅಂಗಡಿಯವರೊಬ್ಬರ ಹತ್ತಿರ ರೆಸಾರ್ಟ್ ಬಗ್ಗೆ ಕೇಳಿದೆ. "ಬರುತ್ತೆ ಅಂತ ಬಹಳ ವರ್ಷದಿಂದ ಅಳತೆ ಮಾಡಿಕೊಂಡು ಹೋಗ್ತಾರೆ" ಅಂದ್ರು. ಬರಲಿ ಅಂತಲೋ ಬೇಡ ಅಂತಲೋ, ಮುಖದಲ್ಲಿ ಗೊತ್ತಾಗಲಿಲ್ಲ.

ಸ್ಯಾಂಡ್‌ಫ್ಲೈ: ನನ್ನ ಎಡಗಾಲಲ್ಲೇ 41. ಮಗಳು ಎಣಿಸಿದ್ದು. ಅಪ್ಪನಿಗೆ ನಾಲ್ಕೇ. ಅವರು ಕೊಬ್ಬರಿ ಎಣ್ಣೆ ಹಚ್ಚಿದ್ದರು.

ಹೊನ್ನಾವರದ_ಹುಡ್ಗ · ರಾತ್ರಿ 10:31

ನಾನು ಹೇಳಿರಲಿಲ್ವಾ!!

ದಾಸವಾಳ · ರಾತ್ರಿ 10:35

ಅಪ್ಪ ಪಂಚೆ ಉಟ್ಟಿದ್ದರು, ಮರಳಲ್ಲಿ ಮಲಗಿರಲಿಲ್ಲ. ಅದಕ್ಕೆ. ಎಣ್ಣೆಗೆ ಸುಮ್ನೆ ಹೆಸರು.

ಮಲ್ನಾಡ್_ಮಳೆ · ರಾತ್ರಿ 10:50

ಚೆನ್ನಾಗಿ ಬರೆದಿದ್ದೀರಿ. ಮೊದಲು ನಾನು ಹೇಳಿದ್ದನ್ನು ವಾಪಸ್ ತಗೊಳ್ಳಲ್ಲ, ಆದರೂ ಚೆನ್ನಾಗಿ ಬರೆದಿದ್ದೀರಿ. ಅಲ್ಲಿನ ಅಡಿಕೆ ಹೇಗಿತ್ತಂತೆ? ಅಪ್ಪ ಬೀಜದಡಿಕೆ ತಂದ್ರಾ?

ತೀರ್ಥಳ್ಳಿ_ಟು_ಯಲಹಂಕ · ರಾತ್ರಿ 10:58

ಸ್ವಲ್ಪ ಒಗರು ಜಾಸ್ತಿ ಅಂದ್ರು. ಆ ಬಂಗಾಳಿ ಹಿರಿಯರು ವಾಪಸ್ ಬರುವಾಗ ಎರಾಟಾದಲ್ಲಿ ಕಾದಿದ್ದು ನಾಲ್ಕು ಗೋಟು ಅಡಿಕೆ ಕೊಟ್ಟಿದ್ದರು. ಅಪ್ಪ ಬ್ಯಾಗಿಗೆ ಹಾಕ್ಕೊಂಡಿದ್ದರು. ಏರ್‌ಪೋರ್ಟಲ್ಲಿ ಮಗಳು ಎಲ್ಲರ ಮುಂದೆ "ಅಜ್ಜ, ಅದು ಇಲ್ಲಿಂದು, ವಾಪಸ್ ಇಡಿ" ಅಂದಳು. ಚಿಪ್ಪಿಗೂ ಅಡಿಕೆಗೂ ವ್ಯತ್ಯಾಸ ಇದೆ ಅಂತ ಅಪ್ಪ ಹತ್ತು ನಿಮಿಷ ವಾದ ಮಾಡಿದರು. ಕೊನೆಗೆ ಮೂರು ಬಿಟ್ಟರು.

ಬೆಂದಕಾಳು · ರಾತ್ರಿ 11:01

ನಾಲ್ಕನೆಯದು?

ತೀರ್ಥಳ್ಳಿ_ಟು_ಯಲಹಂಕ · ರಾತ್ರಿ 11:04

ಕೇಳಬೇಡಿ.

ಕೃಷ್ಣರಾಜಪುರಂ_ಎಕ್ಸ್‌ಪ್ರೆಸ್ · ಫೆಬ್ರವರಿ 9, ಬೆಳಿಗ್ಗೆ 6:45

ಈಗ ತಾನೇ ಓದಿದೆ. ಎರಾಟಾ ಬೋಟಿಗೆ ಟಿಕೆಟ್ ಮೊದಲೇ ಮಾಡಿಸಬೇಕಾ ಸರ್? ಮಾರ್ಚಲ್ಲಿ ಹೋಗೋಣ ಅಂತ ಇದ್ದೀವಿ, ಹನ್ನೆರಡು ಜನ.

ಮಲ್ನಾಡ್_ಮಳೆ · ಬೆಳಿಗ್ಗೆ 6:52

ನೋಡಿ. ಹನ್ನೆರಡು ಜನ.

ತೀರ್ಥಳ್ಳಿ_ಟು_ಯಲಹಂಕ · ಬೆಳಿಗ್ಗೆ 7:30

ನಾವು ಜೆಟ್ಟಿಯಲ್ಲೇ ತಗೊಂಡೆವು. ಎಲ್ಲರದ್ದೂ ಆಧಾರ್ ಇಟ್ಕೊಳ್ಳಿ. ಮತ್ತೆ ಹನ್ನೆರಡು ಜನ ಒಂದೇ ಡುಂಗಿಯಲ್ಲಿ ಹಿಡಿಯಲ್ಲ.